ಯಾರ ಚೆಂಡು ಮೇಲಿದೆ

ನಮ್ಮೂರಿನಲ್ಲಿ ಬಟ್ಟೆ ಒಣಹಾಕಲು ಹೋಗುವವರು ಆಕಾಶ ನೋಡುವುದು ಮಳೆಗಾಗಿ ಅಲ್ಲ, ಚೆಂಡಿಗಾಗಿ. ಗಾಲ್ಫ್ ಮೈದಾನದಲ್ಲಿ ಹೊಡೆದ ಚೆಂಡು ನಮ್ಮಲ್ಲಿ ಒಡನೆ ಕೆಳಗಿಳಿಯುವುದಿಲ್ಲ. ಕೆಲವು ಸಂಜೆಗೆ ಬರುತ್ತವೆ, ಕೆಲವು ಮರುದಿನ, ಕೆಲವು ಹೊಡೆದವರೇ ಮರೆತು ಮಜ್ಜಿಗೆ ಕಡೆಯುತ್ತ ಕೂತಿರುವಾಗ. ಅದಕ್ಕೇ ಮೈದಾನದ ಸುತ್ತಲಿನ ಬೀದಿಗಳಲ್ಲಿ ತಾರಸಿಗಳಿಗೆಲ್ಲ ಬಿದಿರಿನ ತಡಿಕೆ ಹೊದಿಸಿದೆ, ಸಂಡಿಗೆ ಒಣಗುವುದು ಅದರ ಕೆಳಗೆ. ತರಕಾರಿಗೆ ಹೊರಟವರು ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೋಗುತ್ತಾರೆ, ಬರುವಾಗ ಬುಟ್ಟಿ ತುಂಬಿರುವುದರಿಂದ ಓಡುತ್ತ ಬರುತ್ತಾರೆ. ನೆಂಟರನ್ನು ಕಳಿಸಿಕೊಡುವಾಗ ಬಾಗಿಲಲ್ಲಿ ನಿಂತು "ಮೇಲೆ ನೋಡ್ಕೊಂಡು ಹೋಗಿ" ಅನ್ನುತ್ತೇವೆ. ನಮ್ಮ ಚಿಕ್ಕಪ್ಪನ ಮದುವೆಯಲ್ಲಿ ಒಂದು ಚೆಂಡು ಸಾರಿನ ಕೊಳಗಕ್ಕೇ ಬಿತ್ತಂತೆ. ಅದನ್ನು ಹೊಡೆದಿದ್ದವರು ಕೋಲು ಹಿಡಿದು ಬಂದು, ಬಿದ್ದ ಜಾಗದಿಂದಲೇ ಆಡುತ್ತೇನೆಂದು ಹಟ ಹಿಡಿದಾಗ, ಕೊನೆಯ ಪಂಕ್ತಿ ಏಳುವವರೆಗೆ ತಡೆದುಕೊಳ್ಳಿ ಎಂದು ಅಡಿಗೆಯವರು ಅವರನ್ನು ಕೊಳಗದ ಪಕ್ಕದಲ್ಲೇ ಕೂರಿಸಿ ಪಾಯಸ ಬಡಿಸಿದರಂತೆ.

ಹೀಗಾಗಿ ನಮ್ಮಲ್ಲಿ ಒಂದು ಪಂದ್ಯ ಮುಗಿಯಲು ತಿಂಗಳುಗಳೇ ಬೇಕು. ಒಂದು ಹೊಡೆತ ಹೊಡೆದು ಮನೆಗೆ ಹೋಗಿ ಅಡುಗೆ ಮಾಡಬೇಕು, ಮಗಳ ಬಾಣಂತನ ಮುಗಿಸಬೇಕು, ಚೆಂಡು ಬಿತ್ತೆಂದು ಕೂಗು ಬಂದಾಗ ಸೆರಗು ಸಿಕ್ಕಿಸಿಕೊಂಡು ಓಡಬೇಕು. ಕಾಯುವುದು ಹೆಂಗಸರಿಗೆ ರೂಢಿ, ಅದಕ್ಕೇ ಈ ಊರಲ್ಲಿ ದೊಡ್ಡ ಆಟಗಾರರೆಲ್ಲ ಹೆಂಗಸರು ಎಂದು ಗಂಡಸರು ಹೇಳುತ್ತಾರೆ. ಆ ಆಟಗಾರರಲ್ಲಿ ಒಬ್ಬಳಾದ ಚೆನ್ನಾಜಮ್ಮನ ಎದುರು ಮಾತ್ರ ಹೇಳುವುದಿಲ್ಲ.

ಕಾಯುವುದಕ್ಕೂ ಒಂದು ಕಟ್ಟಳೆಯಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೈದಾನದ ಕಾವಲಿನ ದಾಸಪ್ಪ ಬಾವುಟದ ಕಂಬದ ಬಳಿ ನಿಂತು, "ಯಾರ ಚೆಂಡು ಮೇಲಿದೆ?" ಎಂದು ಮೂರು ಸಲ ಕೂಗುತ್ತಾನೆ. ಚೆಂಡು ಮೇಲಿರುವವರು ಅಲ್ಲಿದ್ದು "ನಂದು" ಎನ್ನಬೇಕು. ಮೂರು ಕೂಗಿಗೂ ಉತ್ತರ ಬರದಿದ್ದರೆ ಚೆಂಡು ಸತ್ತಂತೆ, ಆಮೇಲೆ ಬಿದ್ದರೂ ಅದು ಬರೀ ಒಂದು ಕಲ್ಲು. ಆಡುವವರು ತೀರಿಕೊಂಡ ದಿನ ಮಕ್ಕಳು ಹೋಗಿ "ನಂದು" ಎಂದು ಚೆಂಡು ಉಳಿಸಿಕೊಂಡದ್ದುಂಟು. ಉತ್ತರ ಕೊಟ್ಟವರದೇ ಚೆಂಡು, ಒಂದು ಸಂಜೆ ಕೈಬಿಟ್ಟವರು ಅದನ್ನು ಮತ್ತೆ ಕೇಳುವಂತಿಲ್ಲ. ಇನ್ನೊಂದು ಮಾತು: ಯಾರ ಚೆಂಡು ಮೇಲಿದೆಯೋ ಅವರು ಬೇರೆ ಚೆಂಡು ಹೊಡೆಯುವಂತಿಲ್ಲ.

ಈ ಕೊನೆಯ ಮಾತಿನಿಂದಲೇ ಫಿಲೋಮಮ್ಮ ಮೂವತ್ತು ವರ್ಷದಿಂದ ಕೋಲು ಮುಟ್ಟಿಲ್ಲ. ಆಗ ಅವಳಿಗೂ ಚೆನ್ನಾಜಮ್ಮನಿಗೂ ಕ್ಲಬ್ಬಿನ ಬಹುಮಾನದ ಕಪ್ಪಿಗಾಗಿ ಕೊನೆಯ ಪಂದ್ಯ ನಡೆದಿತ್ತು. ಚೆನ್ನಾಜಮ್ಮನ ಚೆಂಡು ಕುಳಿಯ ಬಾಯಲ್ಲೇ ಬಂದು ಕೂತಿತ್ತು. ಫಿಲೋಮಮ್ಮ ದೂರದ ದಿಬ್ಬದಿಂದ ಒಂದೇ ಏಟಿಗೆ ಕುಳಿಗೆ ಹಾಕಿದರೆ ಮಾತ್ರ ಗೆಲುವು. ಅವಳು ಸೆರಗು ಬಿಗಿದು ಹೊಡೆದಳು. ಆ ಸದ್ದು ಸಂತೆಯವರೆಗೂ ಕೇಳಿಸಿತೆಂದು ಆಗ ಇದ್ದವರು ಹೇಳುತ್ತಾರೆ. ಚೆಂಡು ಇವತ್ತಿನವರೆಗೆ ಬಂದಿಲ್ಲ. ಆ ವರ್ಷದ ಕಪ್ಪು ಕ್ಲಬ್ಬಿನ ಬೀರುವಿನಲ್ಲೇ ಉಳಿಯಿತು. ಆಮೇಲಿನ ಕಪ್ಪುಗಳೆಲ್ಲ ಒಂದರ ಹಿಂದೊಂದು ಚೆನ್ನಾಜಮ್ಮನ ಮನೆಗೆ ಹೋದವು. ಫಿಲೋಮಮ್ಮ ಗಂಡನನ್ನು ಮಣ್ಣು ಮಾಡಿದ ದಿನವೂ ಕರಿ ಸೀರೆಯಲ್ಲೇ ಬಂದು ಕಂಬದ ಬಳಿ ನಿಂತು "ನಂದು" ಎಂದಳು.

ನಮ್ಮ ಮನೆ ಮೈದಾನದ ಗೋಡೆಗೆ ತಾಗಿಕೊಂಡಿದೆ. ನಾನು ವನಮಾಲಾ, ಬಿ.ಎ. ಮುಗಿಸಿ ಮನೆಯಲ್ಲಿದ್ದೇನೆ. ಹಾಲಿನವನು ಬಂದರೆ ಅಮ್ಮನನ್ನು ಕರೆಯುವವಳು. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಬಾಯಿ ಬಾರದೆ ಬರೀ ಕೈ ಎತ್ತುತ್ತಿದ್ದೆ. ಮುಂದಿನ ಬೆಂಚಿನ ಎತ್ತರದ ಹುಡುಗಿಯರ ಹಿಂದೆ ಆ ಕೈ ಕಾಣದೆ, ಹಾಜರಿದ್ದೂ ಗೈರುಹಾಜರಾಗಿ, ಕೊನೆಗೆ ಪರೀಕ್ಷೆಗೆ ಕೂರಿಸಲು ಅಮ್ಮನೇ ಬಂದು ಪ್ರಿನ್ಸಿಪಾಲರ ಕಾಲು ಹಿಡಿಯಬೇಕಾಯಿತು. ಹೇಳಲಾಗದ್ದನ್ನು ಡೈರಿಯಲ್ಲಿ ಬರೆದುಕೊಂಡು ಮಲಗುತ್ತೇನೆ, ಅಷ್ಟೆ ನನ್ನ ಶೌರ್ಯ.

ಅಂಥವಳನ್ನು ಹುಡುಕಿಕೊಂಡು ಕ್ಲಬ್ಬಿನ ಅಧ್ಯಕ್ಷರು ಪದ್ಮರಾಜಯ್ಯನವರು ಒಂದು ದಿನ ನಮ್ಮ ಮನೆಗೇ ಬಂದರು. ಕ್ಲಬ್ಬಿನ ಬಾಗಿಲಲ್ಲಿ ಒಂದು ಹೊಸ ಕಲ್ಲು ನಿಂತಿತ್ತು. ಹಳೆಯ ಕಲ್ಲಿನಲ್ಲಿ ಯಾರೋ ಮಹನೀಯರ ಹೆಸರಿತ್ತು, ಅದರ ಮೇಲೆ ಚೆಂಡು ಬಿದ್ದು ಎರಡು ಹೋಳಾಗಿತ್ತು. ಹೊಸದರಲ್ಲಿ ಊರಿನ ಅತಿ ದೊಡ್ಡ ಆಟಗಾರ್ತಿಯ ಹೆಸರು ಕೆತ್ತಿಸಬೇಕೆಂದು ತೀರ್ಮಾನವಾಗಿತ್ತು. ಯಾರ ಹೆಸರು ಎಂಬುದು ಮಾತ್ರ ಆಗಿರಲಿಲ್ಲ. ಆ ಮಾತಿಗೆ ಊರಿನ ಎರಡು ಹೋಟೆಲುಗಳೂ ಎರಡು ಪಕ್ಷವಾಗಿ, ಚೆನ್ನಾಜಮ್ಮನ ಕಡೆಯವರಿಗೆ ಒಂದರಲ್ಲಿ ಕಾಫಿ ಸಿಗುತ್ತಿರಲಿಲ್ಲ, ಫಿಲೋಮಮ್ಮನ ಕಡೆಯವರಿಗೆ ಇನ್ನೊಂದರಲ್ಲಿ ಇಡ್ಲಿ ತಣ್ಣಗೆ ಬರುತ್ತಿತ್ತು.

"ನಿಮ್ಮ ಹುಡುಗಿ ಓದಿದಾಳೆ, ಮಾತೂ ಕಮ್ಮಿ," ಎಂದರು ಪದ್ಮರಾಜಯ್ಯ ಅಮ್ಮನಿಗೆ. "ಯಾವ ಹೋಟ್ಲಿಗೂ ಹೋಗಲ್ಲ. ಇಬ್ಬರನ್ನೂ ತೂಗಿ ನೋಡಿ ಅವಳೇ ತೀರ್ಪು ಬರೀಲಿ. ಕಾರಣ ಎರಡು ಸಾಲು, ಹೆಸರು ಒಂದು ಸಾಲು. ಕಲ್ಲಲ್ಲಿ ಇರೋ ಜಾಗ ಅಷ್ಟೇ."

"ಅವಳು ಬರೀತಾಳೆ, ಓದೋದು ನೀವೇ ಓದ್ಕೋಬೇಕು," ಎಂದಳು ಅಮ್ಮ.

ನಾನು ಏನೂ ಅನ್ನಲಿಲ್ಲ. ಅನ್ನದಿದ್ದದ್ದನ್ನು ಒಪ್ಪಿಗೆ ಎಂದು ತಿಳಿದು ಅವರು ಎದ್ದು ಹೋದರು. ನನ್ನ ಬದುಕಿನಲ್ಲಿ ಬಹಳಷ್ಟು ನಡೆದಿರುವುದು ಹೀಗೆಯೇ.

ಮರುದಿನ ಚೆನ್ನಾಜಮ್ಮನ ಮನೆಗೆ ಹೋದೆ. ಅವಳು ಜಗಲಿಯ ಮೇಲೆ ಕಾಲು ಚಾಚಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಹಿತುಕಿದ ಬೇಳೆ ಬೆರಳ ತುದಿಯಿಂದ ಚಿಮ್ಮಿ ಮೂಲೆಯಲ್ಲಿದ್ದ ಪಾತ್ರೆಗೆ ಬೀಳುತ್ತಿತ್ತು. ಅವಳು ಪಾತ್ರೆಯ ಕಡೆ ನೋಡುತ್ತಲೂ ಇರಲಿಲ್ಲ.

"ಏನೇ, ನೀನಂತೆ ಜಡ್ಜು," ಎಂದಳು. "ಕೂತ್ಕೋ. ಕೈ ಖಾಲಿ ಇಟ್ಕೊಂಡು ಕೂರಬೇಡ, ಹಿತುಕು."

ನಾನು ಹಿತುಕಿದ್ದು ನನ್ನ ಮಡಿಲಿಗೇ ಬಿತ್ತು. ಅವಳು ನಕ್ಕಳು.

"ನೋಡು, ನನ್ನ ಚೆಂಡು ಎರಡು ದಿನಕ್ಕಿಂತ ಜಾಸ್ತಿ ಮೇಲೆ ನಿಂತಿಲ್ಲ. ಆದರೆ ಎಲ್ಲಿ ಬಾ ಅಂದ್ನೋ ಅಲ್ಲಿ ಬಂದಿದೆ. ಬೇವಿನ ಮರದ ನೆರಳಿಗೆ ಬಾ ಅಂದ್ರೆ ನೆರಳಿಗೆ. ಹೊಡೆಯೋದು ಯಾರಾದ್ರೂ ಹೊಡೀತಾರೆ, ಬೀಳಿಸೋದು ಆಟ. ಅವಳಿಗೆ ಅದು ತಿಳಿಯಲಿಲ್ಲ, ಮೇಲಕ್ಕೆ ಕಳಿಸಿಬಿಟ್ಲು. ನಾನೇ ದೊಡ್ಡೋಳು. ಅದರಲ್ಲೇನಿದೆ ಅನುಮಾನ."

"ಹಾಗಂತಲೇ ಬರೀಲಾ ಅಜ್ಜಿ?" ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

ಅವಳ ಬೆರಳು ನಿಂತಿತು. "ಬರೆದ್ರೆ ಕೈ ಮುರೀತೀನಿ. ಅವಳು ಆಡದೇ ಇರೋವಾಗ ಗೆದ್ದ ಕಪ್ಪು ಅವೆಲ್ಲ. ಅದರಲ್ಲಿ ಅಕ್ಕಿ ಅಳೀತೀನಿ ನಾನು. ಅವಳ ಎದುರಿಗೆ ನಿಂತು ಒಂದು ಗೆದ್ದರೆ ಆಗ ಬರಿ. ಕಲ್ಲು ಕೆತ್ತಿ ಗೆದ್ದೆ ಅನ್ನಿಸ್ಕೋಬೇಕಾ ಈ ವಯಸ್ಸಲ್ಲಿ."

ಫಿಲೋಮಮ್ಮನ ಮನೆ ಚರ್ಚಿನ ಹಿಂದಿನ ಓಣಿಯಲ್ಲಿ. ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದಳು. ಕೆಮ್ಮು ಆಗಲೇ ಹತ್ತಿತ್ತು. ನಾನು ಬಂದ ಕಾರಣ ಕೇಳಿ ಪೆಡಲು ನಿಲ್ಲಿಸದೆಯೇ ಹೇಳಿದಳು:

"ಅವಳ ಚೆಂಡೆಲ್ಲ ಬಿದ್ದು ಮುಗಿದು ಹೋದವು ಮಗಳೇ. ನಂದು ಇನ್ನೂ ಆಟದಲ್ಲಿದೆ. ಯಾರು ದೊಡ್ಡೋರು ಅಂತ ಕೇಳೋಕೆ ಓದಬೇಕಾ?"

"ಒಂದು ದಿನವೂ ಬೇಜಾರಾಗಲಿಲ್ವಾ?"

ಪೆಡಲು ನಿಂತಿತು. "ಕೈ ತಿನ್ನುತ್ತೆ," ಎಂದಳು. "ರಾಗಿಮುದ್ದೆ ಕೋಲು ಹಿಡಿದ್ರೂ ಕಾಲು ಅಗಲ ಮಾಡಿ ನಿಂತ್ಕೋತೀನಿ. ಆ ಚೆಂಡು ನನ್ನ ಗಂಡನ ಹಾಗೆ. ಇದ್ದಾನೆ ಅಂತ ಊರಿಗೆ ಹೇಳ್ಕೊಂಡು ತಿರುಗಬಹುದಿತ್ತು, ಕೆಲಸಕ್ಕೆ ಬರ್ತಿರಲಿಲ್ಲ. ಹಾಗಂತ ಬಿಟ್ಟುಬಿಡೋಕಾಗತ್ತಾ? ಆ ಚೆನ್ನಾಜಿ ಕುಳಿ ಹತ್ರ ನಿಂತ್ಕೊಂಡು ನಗ್ತಿದ್ಲು ಆವತ್ತು. ಆ ನಗೂಗೆ ಉತ್ತರ ಕೊಟ್ಟಿದ್ದು ನಾನು. ಉತ್ತರ ಇನ್ನೂ ಮುಟ್ಟಿಲ್ಲ, ಅಷ್ಟೇ."

ಮನೆಗೆ ಬಂದು ಬರೆಯಲು ಕೂತೆ. ಗೆದ್ದದ್ದನ್ನು ಎಣಿಸಬಹುದು, ಇನ್ನೂ ಬೀಳದ್ದನ್ನು ಹೇಗೆ ಎಣಿಸುವುದು? ಗುರಿ ದೊಡ್ಡದೋ, ಎತ್ತರ ದೊಡ್ಡದೋ? ಒಬ್ಬಳು ಮೂವತ್ತು ವರ್ಷ ಆಡಿದ್ದನ್ನು ಇನ್ನೊಬ್ಬಳು ಮೂವತ್ತು ವರ್ಷ ಆಡದೆ ನಿಂತದ್ದರ ಜೊತೆ ಯಾವ ತಕ್ಕಡಿಯಲ್ಲಿ ಇಡುವುದು? ಬರೆದು ಹೊಡೆದುಹಾಕಿ ಕಿಟಕಿಯಿಂದ ಹೊರಗೆ ನೋಡಿದೆ. ನಮ್ಮ ಬೀದಿಗೆ ಒಬ್ಬ ಪೈಲ್ವಾನರ ಹೆಸರು, ಪಕ್ಕದ ಬೀದಿಗೆ ಅವರೊಡನೆ ಜೀವನಪೂರ್ತಿ ಜಟಾಪಟಿ ನಡೆಸಿದ ಇನ್ನೊಬ್ಬ ಪೈಲ್ವಾನರ ಹೆಸರು. ಇವರಲ್ಲಿ ಯಾರು ದೊಡ್ಡವರು ಎಂದು ಯಾರೂ ತೀರ್ಪು ಬರೆಸಲಿಲ್ಲ. ಆಗ ಊರಲ್ಲಿ ಬೇಕಾದಷ್ಟು ಬೀದಿಗಳಿದ್ದವು. ಈಗ ಕಲ್ಲು ಒಂದೇ ಇದೆ. ಮೊದಲ ಸಲ ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ಏನು ಮಾಡಬೇಕೆಂದು ತಿಳಿಯದೆ ಎದ್ದು ಹೋಗಿ ಪಾತ್ರೆ ತೊಳೆದೆ.

ಆ ವಾರವೇ ಫಿಲೋಮಮ್ಮ ಜ್ವರ ಬಂದು ಮಲಗಿದಳು. ಆಗ ಮೇಲಿದ್ದದ್ದು ಅವಳ ಚೆಂಡೊಂದೇ. ಸಂಜೆ ನಾನು ತಾರಸಿಯಲ್ಲಿ ಸಂಡಿಗೆ ಎತ್ತುತ್ತಿದ್ದೆ. ದಾಸಪ್ಪ ಕೂಗಿದ. ಉತ್ತರ ಬರಲಿಲ್ಲ. ಬೀದಿಯಲ್ಲಿ ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಎರಡನೆಯ ಸಲ ಕೂಗುವಾಗ ದಾಸಪ್ಪನ ದನಿಯೇ ಅಲುಗಿತು. ಎದುರುಮನೆಯವರು ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಬಂದರು. ಮೂರನೆಯ ಕೂಗು ಮುಗಿದು, ಅದರ ಹಿಂದಿನ ಮೌನವೂ ಇನ್ನೇನು ಮುಗಿಯುತ್ತದೆ ಅನ್ನುವಾಗ ಬೇವಿನ ಮರದ ಕಡೆಯಿಂದ ಗಡಸು ದನಿಯೊಂದು ಬಂತು.

"ನಂದು."

ಅದು ಚೆನ್ನಾಜಮ್ಮನ ದನಿ.

ಮರುದಿನ ಬೆಳಿಗ್ಗೆಯೇ ಪದ್ಮರಾಜಯ್ಯ ನಗುತ್ತ ಬಂದರು. "ಬಗೆಹರೀತಮ್ಮ. ಉತ್ತರ ಕೊಟ್ಟವರದು ಚೆಂಡು. ಕಪ್ಪೂ ಚೆನ್ನಾಜಮ್ಮನವರದು, ಮೇಲಿರೋ ಚೆಂಡೂ ಅವರದೇ ಆಯ್ತು. ಇನ್ನೇನು ತೂಗೋದು? ಇವತ್ತು ಸಂಜೆ ಅವರು ಇನ್ನೊಂದು ಸಲ 'ನಂದು' ಅಂದ ಮೇಲೆ ಅಲ್ಲೇ ತೀರ್ಪು ಓದಿಬಿಡೋಣ. ಬರೆದು ತಾ."

ನಾನು ಬರೆಯಲಿಲ್ಲ. ಅಮ್ಮ ಕೊಟ್ಟ ಗಂಜಿ ತೆಗೆದುಕೊಂಡು ಫಿಲೋಮಮ್ಮನ ಮನೆಗೆ ಹೋದೆ. ಅವಳು ಕಂಬಳಿ ಹೊದ್ದು ಗೋಡೆಗೆ ಒರಗಿದ್ದಳು. ಎರಡು ಗುಟುಕು ಕುಡಿದಿರಲಿಲ್ಲ, ಬಾಗಿಲಲ್ಲಿ ಚೆನ್ನಾಜಮ್ಮ ಬಂದು ನಿಂತಳು.

"ಬಾರೇ ಕಳ್ಳಿ, ಒಳಗೆ ಬಾ," ಎಂದಳು ಫಿಲೋಮಮ್ಮ. "ಹೊಸ್ತಿಲ ಮೇಲೆ ನಿಂತು ಇನ್ನೇನು ಕದೀಬೇಕು ಅಂತಿದ್ದೀಯಾ?"

"ಜ್ವರ ಬಂದು ಮಲಗೋಳು ಮುಂಚೆ ಹೇಳಿ ಮಲಗಬೇಕು. ಮೂವತ್ತು ವರ್ಷ ದಿನಾ ಕೇಳಿದ ಸದ್ದು ಒಂದಿನ ಬರದೇ ಇದ್ರೆ ನನ್ನ ಕಿವಿ ಏನಾಗಬೇಕು? ಬಾಯಿಗೆ ಬಂತು, ಅಂದೆ. ಚೆಂಡು ಸಾಯ್ತಿತ್ತು."

"ಉಳಿಸಿದ್ದಕ್ಕೆ ಥ್ಯಾಂಕ್ಸು. ಈಗ ಅದು ನಿಂದಂತೆ."

"ನಂಗ್ಯಾಕೆ ನಿನ್ನ ಚೆಂಡು. ನನ್ನ ಮನೇಲಿ ನೂರಿದಾವೆ." ಚೆನ್ನಾಜಮ್ಮ ಬಂದು ಹಾಸಿಗೆಯ ಪಕ್ಕ ಕೂತಳು. "ಏಳು ಮೇಲೆ. ಈಗ ನಿನ್ನ ತಲೆ ಮೇಲೆ ಚೆಂಡಿಲ್ಲ. ಆಡಬಹುದು ನೀನು."

"ಯಾರ ಜೊತೆ ಆಡಲಿ, ಆ ಪದ್ಮರಾಜಯ್ಯನ ಜೊತೇನಾ? ಆಡೋದಾದ್ರೆ ನಿನ್ನ ಜೊತೆ. ಈಗ ನಿನ್ನ ತಲೆ ಮೇಲಿದೆಯಲ್ಲ ಚೆಂಡು, ನೀನು ಕೋಲು ಮುಟ್ಟೋ ಹಾಗಿಲ್ಲ."

ಅದು ಇಬ್ಬರಿಗೂ ಆಗಲೇ ಹೊಳೆದದ್ದೆಂದು ಕಾಣುತ್ತದೆ.

"ಹಾಗಾದ್ರೆ ಇವತ್ತು ನಾನು ಬಾಯಿ ಬಿಡಲ್ಲ," ಎಂದಳು ಚೆನ್ನಾಜಮ್ಮ.

"ಬಿಡದೇ ಇದ್ರೆ ಚೆಂಡು ಸಾಯತ್ತೆ. ಸತ್ತ ಚೆಂಡು ನೇರ ನಿನ್ನ ತಲೆ ಮೇಲೇ ಬೀಳತ್ತೆ ನೋಡ್ತಿರು." ಹೀಗೆಂದ ಫಿಲೋಮಮ್ಮ ತಲೆ ತಿರುಗಿಸಿ ಗೋಡೆ ನೋಡುತ್ತ ಕೂತಳು. ಆ ಕಡೆ ನೋಡುತ್ತಲೇ, ಬೇರೆಯೇ ದನಿಯಲ್ಲಿ ಅಂದಳು: "ಹೇಳು ಚೆನ್ನಾಜಿ. ನಿಂದು ಅಂತಲೇ ಹೇಳು. ಬದುಕಿರಲಿ ಅದು."

"ಹೇಳಿದ್ರೆ ನಿನ್ನನ್ನ ಸೋಲಿಸೋದು ಯಾವಾಗ?"

ಗಂಜಿಯ ಪಾತ್ರೆ ನನ್ನ ಕೈಯಲ್ಲೇ ತಣ್ಣಗಾಗಿತ್ತು. ಇಬ್ಬರ ತಲೆಯ ಮೇಲೂ ಚೆಂಡಿರಬಾರದು, ಚೆಂಡು ಸಾಯಲೂ ಬಾರದು. ದಾರಿಯುದ್ದಕ್ಕೂ ಬುಟ್ಟಿ ಹಾಕಿಕೊಳ್ಳುವುದನ್ನೂ ಮರೆತು ಅದನ್ನೇ ಯೋಚಿಸುತ್ತ ಮನೆಗೆ ಬಂದೆ.

ಸಂಜೆ ಮೈದಾನದಲ್ಲಿ ಜನ ಕಾಲಿಡಲು ಜಾಗವಿಲ್ಲದಷ್ಟು ಸೇರಿದ್ದರು. ಎರಡೂ ಹೋಟೆಲುಗಳವರು ಬೀಗ ಹಾಕಿಕೊಂಡು ಬಂದಿದ್ದರು. ಫಿಲೋಮಮ್ಮನನ್ನು ಕುರ್ಚಿಯ ಮೇಲೆ ಕೂರಿಸಿಕೊಂಡು ತಂದರು. ಚೆನ್ನಾಜಮ್ಮ ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದಳು. ಪದ್ಮರಾಜಯ್ಯ ನನ್ನನ್ನು ಕಂಬದ ಬಳಿ, ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದರು. ನನ್ನ ಕೈಯಲ್ಲಿ ಮಡಿಚಿದ ಹಾಳೆಯಿತ್ತು. ಅದರಲ್ಲಿ ಏನೂ ಇರಲಿಲ್ಲ.

"ಯಾರ ಚೆಂಡು ಮೇಲಿದೆ?"

ಎಲ್ಲರೂ ಚೆನ್ನಾಜಮ್ಮನ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು.

"ಯಾರ ಚೆಂಡು ಮೇಲಿದೆ?"

"ಹೇಳ್ರಮ್ಮ, ಹೇಳಿ," ಎಂದರು ಪದ್ಮರಾಜಯ್ಯ. ಫಿಲೋಮಮ್ಮ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದಳು. ಅವಳ ತುಟಿ ತಾನಾಗಿಯೇ ಆ ಮಾತಿನ ಆಕಾರಕ್ಕೆ ಬಂದು ನಿಂತಿತ್ತು, ದನಿ ಮಾತ್ರ ಹೊರಡಿಸುವಂತಿರಲಿಲ್ಲ. ಆ ತುಟಿ ನೋಡಿ ನನಗೆ ಕಾಲೇಜಿನ ನನ್ನ ಕೈ ನೆನಪಾಯಿತು, ಎತ್ತರದವರ ಹಿಂದೆ ಎತ್ತಿದ್ದ ಕೈ.

"ಯಾರ ಚೆಂಡು ಮೇಲಿದೆ?"

ಚೆನ್ನಾಜಮ್ಮನ ಬಾಯಿ ಅರ್ಧ ತೆರೆಯಿತು.

"ನಂದು," ಎಂದೆ.

ಎಷ್ಟು ಜೋರಾಗಿ ಅಂದೆನೋ ತಿಳಿಯದು. ಬೇವಿನ ಮರದ ಕಾಗೆಗಳು ಎದ್ದವು. ತಾರಸಿಯ ಮೇಲಿದ್ದ ಅಮ್ಮನ ಕೈಯಿಂದ ಬಕೆಟ್ಟು ಬಿದ್ದ ಸದ್ದು ಕೇಳಿಸಿತು.

"ಏನಂದೆ?" ಎಂದರು ಪದ್ಮರಾಜಯ್ಯ.

"ಚೆಂಡು ನಂದು ಅಂದೆ."

"ನೀನು ಹುಟ್ಟಿದ ಮೇಲೆ ಕೋಲು ಹಿಡಿದಿದ್ದೀಯೇನಮ್ಮ?"

"ಉತ್ತರ ಕೊಟ್ಟವರದು ಚೆಂಡು ಅಂತ ಬೆಳಿಗ್ಗೆ ನೀವೇ ಹೇಳಿದ್ರಿ ಸಾರ್."

ದಾಸಪ್ಪ ತಲೆ ಆಡಿಸಿದ. "ಕಟ್ಟಳೆ ಪ್ರಕಾರ ಅವ್ವಾರದೇ ಬುದ್ದಿ," ಎಂದ. ಯಾರೋ ಹಿಂದಿನಿಂದ, ಹಾಗಾದರೆ ಈಗ ಊರಿಗೆಲ್ಲ ದೊಡ್ಡ ಆಟಗಾರ್ತಿ ವನಮಾಲಾನೇ, ಅವಳ ಹೆಸರೇ ಕೆತ್ತಿಸಿ ಎಂದರು. ಜನ ನಕ್ಕರು. ನನ್ನ ಮುಖ ಕಿವಿಯವರೆಗೆ ಬಿಸಿಯಾಯಿತು. ಆದರೂ ನಿಂತೇ ಇದ್ದೆ.

"ತೀರ್ಪು ಎಲ್ಲಿ?" ಎಂದರು ಪದ್ಮರಾಜಯ್ಯ. ಹಾಳೆ ಬಿಡಿಸಿ ಎರಡೂ ಕಡೆ ತಿರುಗಿಸಿ ತೋರಿಸಿದೆ.

"ಬರೆಯೋದಿಲ್ಲ ಸಾರ್. ಇಬ್ಬರೂ ಇಲ್ಲೇ ಇದ್ದಾರೆ. ಇಬ್ಬರ ತಲೆ ಮೇಲೂ ಈಗ ಚೆಂಡಿಲ್ಲ. ಆಡಲಿ."

ಫಿಲೋಮಮ್ಮ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು. ಮೂವತ್ತು ವರ್ಷ ಅವಳು ಕಾಯ್ದದ್ದನ್ನು ಒಂದು ಮಾತಿನಲ್ಲಿ ಎತ್ತಿಕೊಂಡಿದ್ದೆ, ಕೇಳದೆ. ಅವಳ ಕಣ್ಣು ತುಂಬಿ ಬಂತು.

"ಒಂದು ಸಂಜೆ ತಪ್ಪಿಸಿದ್ರೆ ಚರ್ಮ ಸುಲೀತೀನಿ," ಎಂದಳು.

"ತಪ್ಪಿಸಲ್ಲ ಅಮ್ಮ."

"ಮದುವೆ ಮುಹೂರ್ತ ಸಂಜೆ ಇಟ್ಕೋಬೇಡ."

"ಇಲ್ಲ."

ಆಗ ಅವಳು ತನ್ನ ಅಂಗೈ ನೋಡಿಕೊಂಡಳು, ಎರಡನ್ನೂ ಒಂದಕ್ಕೊಂದು ಉಜ್ಜಿದಳು. ಚೆನ್ನಾಜಮ್ಮ ಆಗಲೇ ಕ್ಲಬ್ಬಿನೊಳಗೆ ಹೋಗಿ ಎರಡು ಕೋಲು ಹಿಡಿದುಕೊಂಡು ಬರುತ್ತಿದ್ದಳು.

"ಎದ್ದೇಳೇ ರೋಗಿಷ್ಟೆ," ಎಂದಳು. "ಜ್ವರ ಇತ್ತು, ಅದಕ್ಕೇ ಸೋತೆ ಅಂತ ಆಮೇಲೆ ರಾಗ ಎಳೀಬೇಡ."

"ಕೊಡು ಇತ್ಲಾಗೆ. ನಿನ್ನಂಥ ನಾಲ್ಕು ಜನರನ್ನ ಜ್ವರದಲ್ಲೇ ಆಡಿಸ್ತೀನಿ."

ಅವತ್ತು ಅವಳನ್ನು ಒತ್ತಾಯದಿಂದ ಮನೆಗೆ ಕಳಿಸಬೇಕಾಯಿತು. ಜ್ವರ ಇಳಿದ ಮೇಲೆ ಪಂದ್ಯ ಶುರುವಾಯಿತು, ಇನ್ನೂ ನಡೆಯುತ್ತಿದೆ. ಮೊದಲ ಕುಳಿ ಚೆನ್ನಾಜಮ್ಮನದು, ಎರಡನೆಯದು ಫಿಲೋಮಮ್ಮನದು. ಮೂರನೆಯದರಲ್ಲಿ ಫಿಲೋಮಮ್ಮನ ಚೆಂಡು ಹಬ್ಬ ಕಳೆದರೂ ಬರಲಿಲ್ಲ. ಅಷ್ಟು ದಿನವೂ ಚೆನ್ನಾಜಮ್ಮ ಸಂಜೆ ಅವಳ ಪಕ್ಕದಲ್ಲಿ ನಿಂತು, ನಿನ್ನ ಚೆಂಡನ್ನ ಕಾಗೆ ನುಂಗಿರಬೇಕು ಎಂದು ರೇಗಿಸುತ್ತಿದ್ದಳು. ಗೆಲ್ಲುವವರು ಯಾರೆಂದು ಹೋಟೆಲಿನವರು ಜಗಳವಾಡುತ್ತಲೇ ಇದ್ದಾರೆ, ಈಗ ಮಾತ್ರ ಎರಡೂ ಕಡೆ ಎಲ್ಲರಿಗೂ ಕಾಫಿ ಸಿಗುತ್ತದೆ, ಜಗಳಕ್ಕೆ ಎದುರಾಳಿ ಬೇಕಲ್ಲ. ಕಲ್ಲು ಖಾಲಿ ನಿಂತಿದೆ. ದಾಸಪ್ಪ ಅದರ ಮೇಲೆ ಟವೆಲು ಒಣಹಾಕುತ್ತಾನೆ.

ಪದ್ಮರಾಜಯ್ಯ ಕಂಡಾಗಲೆಲ್ಲ ಕೇಳುತ್ತಾರೆ, "ಯಾವಾಗಮ್ಮ ಬರೆಯೋದು?"

"ಎಲ್ಲಾ ಚೆಂಡೂ ಬೀಳಲಿ ಸಾರ್," ಎನ್ನುತ್ತೇನೆ.

ದಿನಾ ದೀಪ ಹಚ್ಚುವ ಹೊತ್ತಿಗೆ ಕಂಬದ ಬಳಿ ಹೋಗುತ್ತೇನೆ. ಮೊದಲ ವಾರ ಮೂರನೆಯ ಕೂಗಿನವರೆಗೂ ಬಾಯಿ ಬರುತ್ತಿರಲಿಲ್ಲ. ಈಗ ದಾಸಪ್ಪನ ಮೊದಲ ಕೂಗು ಮುಗಿಯುವ ಮುಂಚೆಯೇ ಅಂದುಬಿಡುತ್ತೇನೆ, "ತಡೀರವ್ವಾ, ಕೂಗಾದ್ರೂ ಮುಗಿಸ್ತೀನಿ" ಎಂದು ಅವನು ಬೈಯುತ್ತಾನೆ. ಮೊನ್ನೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು ತಿನ್ನುತ್ತಿದ್ದ ಹಿರಿಯರೊಬ್ಬರು, ಹುಡುಗಿ ಮದುವೆಯಾದ ಮೇಲೆ ಈ ಕೂಗೋದು ಗೀಗೋದು ಬಿಡುತ್ತಾಳೆ ತಾನೆ ಎಂದು ಅಮ್ಮನನ್ನು ಕೇಳಿದರು. ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ದಾಸಪ್ಪನ ದನಿ ಎದ್ದಿತು. ಕಾಫಿಯ ತಟ್ಟೆಯನ್ನು ಆ ಹಿರಿಯರ ಕೈಗೇ ಕೊಟ್ಟು ನಾನು ಎದ್ದು ಹೊರಟೆ.

"ಮೇಲೆ ನೋಡ್ಕೊಂಡು ಹೋಗೇ," ಎಂದಳು ಅಮ್ಮ ಹಿಂದಿನಿಂದ, ಅಭ್ಯಾಸಬಲದಿಂದ.

ನಾನು ಬುಟ್ಟಿ ತೆಗೆದುಕೊಳ್ಳಲಿಲ್ಲ. ಮೇಲಿರುವುದು ನನ್ನದೇ.